ಉಪಾಧ್ಯಾಯರಿಗೆ ನೆಲೆ



ಪ್ರತಿ ವರ್ಷವೂ ಬೇಸಗೆಯಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾಗುತ್ತದೆ. ಆಗ ಪತ್ರಿಕೆಗಳು ಜಿಲ್ಲೆಗಳ ಹೆಸರುಗಳನ್ನು ಮೇಲಿನಿಂದ ಕೆಳಕ್ಕೆ ಒಂದು ಪಟ್ಟಿಯಾಗಿ ಅಚ್ಚುಮಾಡುತ್ತವೆ. ಆ ಪಟ್ಟಿಯ ತಲೆಯಲ್ಲಿ ಯಾವ ಸೀಮೆ ಇರುವುದು, ಬುಡದಲ್ಲಿ ಯಾವ ಸೀಮೆ ಇರುವುದು ಎಂಬುದನ್ನು ಪತ್ರಿಕೆಯನ್ನು ಬಿಡಿಸುವ ಮೊದಲೇ ನಾವು ಊಹಿಸಿಕೊಳ್ಳಬಹುದು. ೨೦೨೪ರಲ್ಲಿ ಉಡುಪಿ ಜಿಲ್ಲೆಯಲ್ಲಿ ನೂರಕ್ಕೆ ೯೪ ಮಂದಿ ತೇರ್ಗಡೆಯಾದರು. ಯಾದಗಿರಿಯಲ್ಲಿ ಸುಮಾರು ೫೧ ಮಂದಿ. ೨೦೨೫ರಲ್ಲಿ ದಕ್ಷಿಣ ಕನ್ನಡದಲ್ಲಿ ನೂರಕ್ಕೆ ೯೧ ಮಂದಿ. ಕಲಬುರಗಿಯಲ್ಲಿ ೪೨ ಮಂದಿ. ಕಲ್ಯಾಣ ಕರ್ನಾಟಕವೆಂದು ೨೦೧೯ರಿಂದ ನಾವು ಕರೆಯುತ್ತಿರುವ ಪ್ರಾಂತ್ಯದ ಹಣೆಬರಹ ಇದು. ಬೀದರ ಜಿಲ್ಲೆಯೂ ಈ ಕೆಳಗಣ ಸಾಲುಗಳಿಗೆ ಸೇರಿದುದೇ.

ಪಟ್ಟಿಯನ್ನು ಓದಿದವರು ಒಡನೆಯೇ ಕೇಳುವ ಪ್ರಶ್ನೆ ಒಂದು: "ಅಲ್ಲಿಯ ಉಪಾಧ್ಯಾಯರು ಏನು ಮಾಡುತ್ತಿದ್ದಾರೆ?" ಪ್ರಶ್ನೆ ನ್ಯಾಯವಾದುದೇ. ಆದರೆ ಅದಕ್ಕೂ ಮೊದಲು ಕೇಳತಕ್ಕ ಇನ್ನೊಂದು ಪ್ರಶ್ನೆಯುಂಟು: "ಅಲ್ಲಿಯ ಉಪಾಧ್ಯಾಯರಿಗೆ ನಾವು ಏನು ಮಾಡಿದ್ದೇವೆ?" ಅವರನ್ನು ಆರಿಸುವ ಬಗೆ, ಊರಿಗೆ ಕಳುಹಿಸುವ ಬಗೆ, ಉಳಿಸಿಕೊಳ್ಳುವ ಬಗೆ, ಅವರ ಕೆಲಸವನ್ನು ತೂಗಿನೋಡುವ ಬಗೆ, ಇವುಗಳಿಗೂ ತರಗತಿಯಲ್ಲಿ ನಡೆಯುವ ಪಾಠಕ್ಕೂ ಏನು ಸಂಬಂಧ? ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದು ಸೀಮೆಗಳನ್ನು ಕಣ್ಣಮುಂದೆ ಇರಿಸಿಕೊಂಡು ಈ ವಿಷಯವನ್ನು ಕುರಿತು ಕೆಲವು ಮಾತುಗಳನ್ನು ನಿಮ್ಮಲ್ಲಿ ಅರಿಕೆಮಾಡಬೇಕೆಂದಿದ್ದೇನೆ.

ವ್ಯಾಪಾರ ಸಂಸ್ಥೆಗಳವರು ಇಂಥ ವ್ಯವಸ್ಥೆಗೆ 'ಮಾನವ ಸಂಪನ್ಮೂಲ ನಿರ್ವಹಣೆ' ಎಂಬ ಹೆಸರನ್ನು ಕೊಟ್ಟಿದ್ದಾರೆ. ಮನುಷ್ಯನನ್ನು ಕಬ್ಬಿಣ ಕಲ್ಲಿದ್ದಲುಗಳ ಸಾಲಿನಲ್ಲಿ ನಿಲ್ಲಿಸುವ ಈ ಮಾತು ಕಿವಿಗೆ ಅಷ್ಟು ಹಿತವಾಗಿಲ್ಲ. ಆದರೆ ಅದರೊಳಗಣ ಅರ್ಥ ಹಳೆಯದು, ಅದರಲ್ಲಿಯೂ ಕಲ್ಯಾಣಕ್ಕೆ ಹೊಸದೇನೂ ಅಲ್ಲ. ಬಸವಕಲ್ಯಾಣವು ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನ ಕಾಲದಿಂದ ಚಾಲುಕ್ಯರ ರಾಜಧಾನಿಯಾಗಿತ್ತಷ್ಟೆ. ಅದೇ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ, ರಾಜ್ಯವನ್ನು ಉಳಿಸಿಕೊಳ್ಳಬೇಕಾದ ಅರಸನು ಮಂತ್ರಿ ಮೊದಲಾದವರಲ್ಲಿ ಎಂತೆಂಥ ಗುಣಗಳನ್ನು ನೋಡಿ ಆರಿಸಬೇಕೆಂಬ ವಿಚಾರವಿದೆ. ಇನ್ನೂ ಹತ್ತಿರದ ನಿದರ್ಶನ ಬೇಕಾದರೆ, ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯನ್ನು ನೋಡಬಹುದು. ಅಲ್ಲಿಯ ಘಟಿಕಾಸ್ಥಾನದ ಕ್ರಿ.ಶ. ೧೦೫೮ರ ಶಾಸನವು ಇನ್ನೂರು ಮಂದಿ ವೇದವಿದ್ಯಾರ್ಥಿಗಳನ್ನೂ, ಅವರಿಗೆ ಕಲಿಸುವ ಉಪಾಧ್ಯಾಯರನ್ನೂ, ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀಭಂಡಾರಿಗರನ್ನೂ ಹೇಳಿ, ಆ ವಿದ್ಯಾಸ್ಥಾನವು ನಡೆಯುವುದಕ್ಕೆ ದತ್ತಿಯನ್ನು ಏರ್ಪಡಿಸುತ್ತದೆ. ವಿದ್ಯೆ ನಡೆಯಬೇಕಾದರೆ ಕಲಿಸುವವನ ಬದುಕು ಮೊದಲು ನೆಲೆಗೊಳ್ಳಬೇಕೆಂಬ ತಿಳಿವಳಿಕೆ ಆ ಕಲ್ಲಿನಲ್ಲಿದೆ. ಅಂದಿನ ವಿದ್ಯೆ ಕೆಲವರಿಗೆ ಮಾತ್ರ ಮೀಸಲಾಗಿತ್ತೆಂಬುದು ನಿಜ. ಇಂದು ಅದು ಎಲ್ಲರ ಮಕ್ಕಳಿಗೂ ಸಲ್ಲತಕ್ಕದ್ದು. ಹಾಗಿರುವಾಗ ಆ ತಿಳಿವಳಿಕೆ ಇಂದು ಹೆಚ್ಚಬೇಕೇ ಹೊರತು ಕಡಮೆಯಾಗಬಾರದು.

ಈ ಎರಡು ಸೀಮೆಗಳ ಸ್ಥಿತಿಯನ್ನು ಸ್ವಲ್ಪ ನೋಡೋಣ. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯು ಇವುಗಳ ಮೂಲಕ ಹಾದುಹೋಗುತ್ತದೆ. ೨೦೧೭ರಲ್ಲಿ ಬೀದರ-ಕಲಬುರಗಿ ರೈಲುದಾರಿ ತೆರೆದು ಹುಮನಾಬಾದಿಗೆ ರೈಲೂ ಬಂದಿತು. ಆದರೆ ಹೆದ್ದಾರಿಯಿಂದ ಒಳಕ್ಕೆ ಹೋದ ಹಳ್ಳಿಗಳ, ತಾಂಡಾಗಳ ಮಾತು ಬೇರೆ. ೧೯೪೮ರ ಸೆಪ್ಟೆಂಬರಿನವರೆಗೆ ಇದು ನಿಜಾಮರ ರಾಜ್ಯವಾಗಿತ್ತು. ಅಲ್ಲಿ ಪ್ರೌಢಶಿಕ್ಷಣವು ಮುಖ್ಯವಾಗಿ ಉರ್ದುವಿನಲ್ಲಿ ನಡೆಯುತ್ತಿತ್ತು. ೧೯೫೬ರ ನವೆಂಬರ್ ೧ರಂದು ಬೀದರ ಜಿಲ್ಲೆ ಕನ್ನಡನಾಡಿಗೆ ಸೇರಿತು. ಹೀಗಾಗಿ ಕನ್ನಡ ಪ್ರೌಢಶಾಲೆಗಳಿಗೆ ಬೇಕಾದ ಉಪಾಧ್ಯಾಯರನ್ನು ಬೆಳೆಸುವ ಕೆಲಸ ಇಲ್ಲಿ ತಡವಾಗಿ ಮೊದಲಾಯಿತು. ಹಳೆಯ ಮೈಸೂರಿನಲ್ಲಿಯೂ ಕರಾವಳಿಯಲ್ಲಿಯೂ ಎಷ್ಟೋ ತಲೆಮಾರುಗಳಲ್ಲಿ ಆದ ಕೆಲಸ ಅದು.

ಮೇಲಾಗಿ ಈ ಸೀಮೆಯ ಮನೆಗಳಲ್ಲಿ ಕನ್ನಡ, ಮರಾಠಿ, ಉರ್ದು, ಲಂಬಾಣಿ ಮಾತುಗಳು ಒಟ್ಟಿಗೆ ಬಾಳುತ್ತವೆ. ಕನ್ನಡದಲ್ಲಿ ಕಲಿಸುವ ಶಾಲೆಗಳ ಜೊತೆಯಲ್ಲಿ ಮರಾಠಿ, ಉರ್ದು ಶಾಲೆಗಳೂ ಇವೆ. ಇದು ಈ ನೆಲದ ಸೊಬಗು; ಆದರೆ ಶಾಲೆಯನ್ನು ನಡೆಸುವವರಿಗೆ ಇದರಿಂದ ಹೊಣೆ ಹೆಚ್ಚುತ್ತದೆ. ಗಣಿತವನ್ನು ಬಲ್ಲ ಒಬ್ಬರನ್ನು ಹುಡುಕಿದರೆ ಸಾಲದು. ಉರ್ದುವಿನಲ್ಲಿ ಹೇಳಬಲ್ಲವರೊಬ್ಬರು, ಮರಾಠಿಯಲ್ಲಿ ಹೇಳಬಲ್ಲವರೊಬ್ಬರು, ಕನ್ನಡದಲ್ಲಿ ಹೇಳಬಲ್ಲವರೊಬ್ಬರು ಬೇಕು. ಒಂದು ಸಣ್ಣ ಪ್ರೌಢಶಾಲೆಯಲ್ಲಿ ಒಂದು ವಿಷಯಕ್ಕೆ ಒಬ್ಬರೇ ಉಪಾಧ್ಯಾಯರಿರುವುದು ವಾಡಿಕೆ. ಅವರು ಹೋದರೆಂದರೆ ಆ ಶಾಲೆಯಿಂದ ಆ ವಿಷಯವೇ ಹೋದಂತೆ.

ಇಲ್ಲಿಯೇ ಮುಖ್ಯವಾದ ಮಾತು ಬರುತ್ತದೆ. ಪ್ರೌಢಶಾಲೆಯ ಓದು ಎಂಟನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಮೂರು ವರ್ಷಗಳ ಕೆಲಸ. ಎಂಟನೆಯ ತರಗತಿಗೆ ಬಂದ ಹುಡುಗಿಗೆ ಭಿನ್ನರಾಶಿ ತಿಳಿಯದೆಂಬುದು ಉಪಾಧ್ಯಾಯರಿಗೆ ಗೊತ್ತಾಗುವುದಕ್ಕೆ ಕೆಲವು ತಿಂಗಳು ಬೇಕು. ತಿಳಿಯದಿರುವುದು ಲೆಕ್ಕವೇ, ಲೆಕ್ಕವನ್ನು ಹೇಳುವ ಕನ್ನಡ ಮಾತೇ ಎಂಬುದನ್ನು ಬೇರ್ಪಡಿಸಿ ನೋಡಲು ಇನ್ನೂ ಕೆಲವು ತಿಂಗಳು ಬೇಕು. ಏಕೆಂದರೆ ಮನೆಯಲ್ಲಿ ಆಕೆ ಆಡುವುದು ಲಂಬಾಣಿ. ಈ ರೋಗವನ್ನು ಕಂಡುಹಿಡಿದ ಉಪಾಧ್ಯಾಯರೇ ಮುಂದಿನ ಎರಡು ವರ್ಷ ಚಿಕಿತ್ಸೆಯನ್ನೂ ನಡೆಸಿದರೆ ಆಕೆ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗುವಳು. ವರ್ಷಕ್ಕೊಬ್ಬರು ಬಂದರೆ ಪ್ರತಿಯೊಬ್ಬರೂ ರೋಗವನ್ನು ಕಂಡುಹಿಡಿಯುವಷ್ಟರಲ್ಲಿಯೇ ವರ್ಷ ಮುಗಿದಿರುತ್ತದೆ. ಮೂವರೂ ಸಮರ್ಥರಾಗಿರಬಹುದು, ಮೂವರೂ ದುಡಿದಿರಬಹುದು, ಫಲಮಾತ್ರ ಸೊನ್ನೆ. ಆದುದರಿಂದ ಉಪಾಧ್ಯಾಯರ ಕಾರ್ಯದಕ್ಷತೆಯೆಂಬುದು ಅವರ ಜಾಣ್ಮೆಯಲ್ಲಿ ಮಾತ್ರವಲ್ಲ, ಅವರಿಗೆ ದೊರೆತ ನೆಲೆಯಲ್ಲಿಯೂ ಇದೆಯೆಂದು ಹೇಳಬೇಕಾಗುತ್ತದೆ.

ಈ ನೆಲೆಯನ್ನು ಕೆಡಿಸುವುವು ಯಾವುವು? ಮೊದಲನೆಯದು, ಖಾಲಿ ಬಿದ್ದ ಸ್ಥಾನಗಳು. ಈ ಪ್ರಾಂತ್ಯದಲ್ಲಿ ಅವು ಬಹಳ ಕಾಲದಿಂದ ಉಳಿದುಬಂದಿವೆ. ಅವುಗಳನ್ನು ತುಂಬುವುದಕ್ಕೆ ವರ್ಷ ವರ್ಷವೂ 'ಅತಿಥಿ ಶಿಕ್ಷಕ'ರನ್ನು ನೇಮಿಸಿಕೊಳ್ಳುವ ಪದ್ಧತಿ ಬೆಳೆದಿದೆ. ಅತಿಥಿಯೆಂಬ ಹೆಸರು ಚೆನ್ನಾಗಿದೆ. ಅತಿಥಿಗೆ ಸಲ್ಲುವ ಸತ್ಕಾರಮಾತ್ರ ಇಲ್ಲ. ಅದೇ ಪದವಿ, ಅದೇ ಬಿ.ಎಡ್., ಅದೇ ಪಾಠ, ಅದೇ ಪರೀಕ್ಷೆ. ಆದರೆ ಸಂಬಳದ ಬದಲು ಒಂದು ಸಣ್ಣ ಗೌರವಧನ, ಬೇಸಗೆಯಲ್ಲಿ ಅದೂ ಇಲ್ಲ. ಮುಂದಿನ ವರ್ಷ ಇದೇ ಶಾಲೆಯಲ್ಲಿ ಇರುವೆನೋ ಇಲ್ಲವೋ ಎಂಬುದು ಅವರಿಗೆ ತಿಳಿಯದು. ಇವರಲ್ಲಿ ಅನೇಕರು ಅದೇ ಹಳ್ಳಿಗಳಲ್ಲಿ ಹುಟ್ಟಿ, ಅದೇ ಮಾತುಗಳನ್ನು ಬಲ್ಲ ತರುಣ ತರುಣಿಯರು. ಮಕ್ಕಳ ಕಷ್ಟವನ್ನು ಇವರಷ್ಟು ಚೆನ್ನಾಗಿ ಅರಿತವರು ವಿರಳ. ಇಂಥವರಿಗೆ ಮೂರು ವರ್ಷದ ಭರವಸೆಯನ್ನಾದರೂ ಕೊಡದೆ, ಮೂರು ವರ್ಷದ ಕೆಲಸವನ್ನು ಅವರಿಂದ ಬಯಸುವುದು ಹೇಗೆ?

ಎರಡನೆಯದು, ವರ್ಗಾವಣೆ. ಹಿಂದೆ ವರ್ಗವೆಂಬುದು ಶಿಫಾರಸಿನ ಮಾತಾಗಿತ್ತು. ೨೦೦೭ರ ಕಾಯಿದೆಯೂ, ಅದರ ಸ್ಥಾನದಲ್ಲಿ ಬಂದ ೨೦೨೦ರ ಕಾಯಿದೆಯೂ ಇದನ್ನು ನಿಯಮಕ್ಕೆ ಒಳಪಡಿಸಿದುವು. ಖಾಲಿ ಸ್ಥಾನಗಳನ್ನು ಬಹಿರಂಗವಾಗಿ ತೋರಿಸಿ, ಸರದಿಯಂತೆ ಆರಿಸಿಕೊಳ್ಳಗೊಡುವ 'ಕೌನ್ಸೆಲಿಂಗ್' ಬಂದುದು ದೊಡ್ಡ ಸುಧಾರಣೆಯೇ ಸರಿ. ಆದರೆ ಆರಿಸಿಕೊಳ್ಳುವವರು ಮನುಷ್ಯರಲ್ಲವೇ? ಬಾಡಿಗೆಗೆ ಮನೆ ದೊರೆಯುವ, ತಮ್ಮ ಮಕ್ಕಳಿಗೆ ಒಳ್ಳೆಯ ಶಾಲೆಯಿರುವ, ಆಸ್ಪತ್ರೆಯಿರುವ ಊರನ್ನು ಯಾರು ತಾನೇ ಬಯಸರು? ಹೀಗಾಗಿ ಹೊಸದಾಗಿ ಕೆಲಸಕ್ಕೆ ಬಂದವರು ದೂರದ ಹಳ್ಳಿಯಲ್ಲಿ ಅನುಭವವನ್ನು ಗಳಿಸಿ, ಗಳಿಸಿದ ಅನುಭವದೊಡನೆ ಪಟ್ಟಣಕ್ಕೆ ಹೊರಟುಹೋಗುತ್ತಾರೆ. ಕಾನೂನು ನ್ಯಾಯವಾಗಿ ನಡೆದರೂ ಹಳ್ಳಿಯ ಶಾಲೆಗೆ ಉಳಿಯುವುದು ಎಂದಿಗೂ ಹೊಸಬರು, ಇಲ್ಲವೆ ಖಾಲಿ ಕುರ್ಚಿ. ಹಳ್ಳಿಯಲ್ಲಿ ಉಳಿದವರಿಗೆ ಮನೆ, ಬಡ್ತಿಯಲ್ಲಿ ಮನ್ನಣೆ, ಮಕ್ಕಳ ವಿದ್ಯೆಗೆ ನೆರವು, ಇವುಗಳಲ್ಲಿ ಯಾವುದಾದರೊಂದನ್ನು ನಿಶ್ಚಯವಾಗಿ ಒದಗಿಸದೆ, ಉಳಿಯಿರೆಂದು ಉಪದೇಶಿಸಿದರೆ ಫಲವಿಲ್ಲ.

ಈ ಪ್ರಾಂತ್ಯಕ್ಕೆ ಒಂದು ವಿಶೇಷ ಸಾಧನವೂ ಒದಗಿದೆ. ೨೦೧೨ರಲ್ಲಿ ಸಂಸತ್ತು ಅಂಗೀಕರಿಸಿದ ೯೮ನೆಯ ತಿದ್ದುಪಡಿಯಿಂದ ನಮ್ಮ ಸಂವಿಧಾನಕ್ಕೆ ೩೭೧ಜೆ ಎಂಬ ವಿಧಿ ಸೇರಿತು. ಅದರ ಪ್ರಕಾರ ಇಲ್ಲಿಯ ಸರ್ಕಾರಿ ಕೆಲಸಗಳಲ್ಲಿ ಒಂದು ದೊಡ್ಡ ಪಾಲು ಈ ಸೀಮೆಯವರಿಗೇ ಮೀಸಲು. ಇದನ್ನು ಹಲವರು ಉದ್ಯೋಗದ ಹಂಚಿಕೆಯೆಂದು ಮಾತ್ರ ಎಣಿಸುತ್ತಾರೆ. ಶಾಲೆಯ ದೃಷ್ಟಿಯಿಂದ ನೋಡಿದರೆ ಇದು ನೆಲೆಯ ವಿಚಾರ. ತನ್ನ ಸೀಮೆಯಲ್ಲಿಯೇ ಬಾಳುವ ಉಪಾಧ್ಯಾಯನು ಊರಿಗೆ ಹೋಗುವ ವರ್ಗಕ್ಕಾಗಿ ದಿನ ಎಣಿಸಬೇಕಾಗಿಲ್ಲ. ಆದರೆ ಕಾಗದದ ಮೇಲಿನ ಮೀಸಲಾತಿಯು ತರಗತಿಯಲ್ಲಿ ಬಂದು ನಿಲ್ಲಬೇಕಾದರೆ ನೇಮಕವು ಕಾಲಕ್ಕೆ ಸರಿಯಾಗಿ ನಡೆಯಬೇಕು.

ಮೂರನೆಯದು, ಪಾಠದ ಕಾಲವನ್ನು ಬೇರೆ ಕೆಲಸಗಳಿಗೆ ಕಳೆಯುವುದು. ಚುನಾವಣೆ ಬಂದರೆ ಉಪಾಧ್ಯಾಯರು, ಜನಗಣತಿ ಬಂದರೆ ಉಪಾಧ್ಯಾಯರು. ೨೦೨೫ರ ಸೆಪ್ಟೆಂಬರಿನಲ್ಲಿ ಮೊದಲಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಾಲೆಯ ಉಪಾಧ್ಯಾಯರನ್ನೇ ಮನೆಮನೆಗೆ ಕಳುಹಿಸಲಾಯಿತು. ಅದು ಮುಗಿಯಲೆಂದು ದಸರಾ ರಜೆಯನ್ನು ಅಕ್ಟೋಬರ್ ೧೮ರವರೆಗೆ ಬೆಳೆಸಲಾಯಿತು. ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಊರಿನ ಎಲ್ಲ ಬಿಡಿಗೆಲಸಗಳಿಗೂ ಕೈಗೆ ಸಿಕ್ಕುವವರು ಇವರೇ ಎಂದು ಸರ್ಕಾರವು ತೋರಿಸುತ್ತ ಬಂದರೆ, ಪಾಠವೇ ತಮ್ಮ ಮುಖ್ಯ ಕೆಲಸವೆಂಬ ಭಾವನೆ ಅವರಲ್ಲಿ ಹೇಗೆ ಗಟ್ಟಿಯಾದೀತು? ಅನುಕೂಲವಿರುವ ಮನೆಗಳ ಮಕ್ಕಳಿಗೆ ಕಳೆದ ದಿನಗಳನ್ನು ತುಂಬಿಕೊಡುವ ಮನೆಪಾಠವುಂಟು. ತಾಂಡಾದ ಹುಡುಗನಿಗೆ ಶಾಲೆಯೊಂದೇ ಗತಿ.

ಇನ್ನು ಕೆಲಸವನ್ನು ತೂಗಿನೋಡುವ ವಿಚಾರ. ಫಲಿತಾಂಶ ಕೆಟ್ಟಾಗಲೆಲ್ಲ, ತೇರ್ಗಡೆಯಾದವರ ಸಂಖ್ಯೆಯನ್ನು ನೋಡಿ ಉಪಾಧ್ಯಾಯರಿಗೆ ಬಹುಮಾನವನ್ನೋ ದಂಡನೆಯನ್ನೋ ಕೊಡಬೇಕೆಂದು ಕೂಗು ಏಳುತ್ತದೆ. ಇಂಗ್ಲೆಂಡಿನಲ್ಲಿ ಇದನ್ನು ೧೮೬೨ರಲ್ಲಿಯೇ ಮಾಡಿನೋಡಿದರು. ಇನ್‌ಸ್ಪೆಕ್ಟರು ಬಂದು ಮಕ್ಕಳ ಓದು, ಬರಹ, ಲೆಕ್ಕಗಳನ್ನು ಪರೀಕ್ಷಿಸಿದ ಮೇಲೆ ಶಾಲೆಗೆ ಹಣ ಸಲ್ಲುತ್ತಿತ್ತು. ಉಪಾಧ್ಯಾಯರು ಪರೀಕ್ಷೆಗೆ ಬರುವುದನ್ನು ಮಾತ್ರ ಉರುಹೊಡೆಯಿಸಿ, ಉಳಿದುದನ್ನು ಕೈಬಿಟ್ಟರು. ಸ್ವತಃ ಇನ್‌ಸ್ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡನು ಇದು ವಿದ್ಯೆಯನ್ನು ಯಂತ್ರದಂತೆ ಮಾಡುವುದೆಂದು ವಿರೋಧಿಸಿದನು. ಆ ಶತಮಾನ ಮುಗಿಯುವುದರೊಳಗೆ ಪದ್ಧತಿಯನ್ನು ಬಿಟ್ಟುಬಿಟ್ಟರು. ಮದರಾಸು ಪ್ರಾಂತ್ಯದಲ್ಲಿಯೂ ಅದೇ ಶತಮಾನದಲ್ಲಿ ಇಂಥ ಪ್ರಯೋಗ ನಡೆದಿತ್ತು.

ಇದಕ್ಕೆ ಎದುರುಮಾತಿಲ್ಲವೇ? ಇದೆ, ಅದನ್ನೂ ಹೇಳುವುದು ನ್ಯಾಯ. ಆಂಧ್ರಪ್ರದೇಶದ ಗ್ರಾಮಾಂತರ ಪ್ರಾಥಮಿಕ ಶಾಲೆಗಳಲ್ಲಿ, ಮಕ್ಕಳ ಕಲಿಕೆ ಹೆಚ್ಚಿದಂತೆ ಉಪಾಧ್ಯಾಯರಿಗೆ ಸಣ್ಣ ಬಹುಮಾನವನ್ನು ಕೊಟ್ಟು ನೋಡಿದ ಒಂದು ಪ್ರಯೋಗದ ವರದಿ ೨೦೧೧ರಲ್ಲಿ ಪ್ರಕಟವಾಯಿತು. ಅಲ್ಲಿ ಭಾಷೆ, ಗಣಿತಗಳೆರಡರಲ್ಲಿಯೂ ಮಕ್ಕಳು ಮುಂದುವರಿದರು. ಆದರೆ ಅಲ್ಲಿ ಅಳೆದುದು ಪ್ರತಿಯೊಂದು ಮಗುವೂ ತಾನಿದ್ದ ಮಟ್ಟದಿಂದ ಎಷ್ಟು ಮೇಲಕ್ಕೆ ಏರಿತೆಂಬುದನ್ನು. ಎಷ್ಟು ಮಂದಿ ಗೆರೆಯನ್ನು ದಾಟಿದರೆಂಬುದನ್ನಲ್ಲ. ಈ ಭೇದ ಬಹು ದೊಡ್ಡದು. ಭಿನ್ನರಾಶಿಯನ್ನೇ ಅರಿಯದೆ ಬಂದ ಹುಡುಗಿಯನ್ನು ತೇರ್ಗಡೆಯ ಅಂಚಿಗೆ ತಂದು ನಿಲ್ಲಿಸಿದ ಹಳ್ಳಿಯ ಉಪಾಧ್ಯಾಯರು, ಮೊದಲೇ ಬಲ್ಲ ಮಕ್ಕಳನ್ನು ತೇರ್ಗಡೆ ಮಾಡಿಸಿದವರಿಗಿಂತ ಹೆಚ್ಚು ಕೆಲಸ ಮಾಡಿದ್ದಾರೆ. ನಮ್ಮ ಜಿಲ್ಲಾಪಟ್ಟಿ ಅವರನ್ನು ಸೋತವರೆಂದು ಎಣಿಸುತ್ತದೆ.

೨೦೨೪ರಲ್ಲಿ ಪರೀಕ್ಷಾಕೊಠಡಿಗಳಲ್ಲಿ ಕ್ಯಾಮರಾಗಳನ್ನಿಟ್ಟು 'ವೆಬ್‌ಕಾಸ್ಟಿಂಗ್' ಮೂಲಕ ಕಾವಲು ಬಿಗಿಮಾಡಿದಾಗ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ ರಾಜ್ಯದ ಫಲಿತಾಂಶವು ಹಿಂದಿನ ವರ್ಷಕ್ಕಿಂತ ಬಹಳ ಕೆಳಕ್ಕೆ ಇಳಿಯಿತು. ಸಂಖ್ಯೆಯೊಂದನ್ನೇ ಕೇಳಿದರೆ ಸಂಖ್ಯೆಯೊಂದೇ ದೊರೆಯುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಹಾಗಾದರೆ ಸಂಬಳವನ್ನು ಹೆಚ್ಚಿಸಿ, ಕೆಲಸವನ್ನು ಕಾಯಂ ಮಾಡಿಬಿಟ್ಟರೆ ಎಲ್ಲವೂ ಸರಿಹೋಗುವುದೇ? ಹೋಗದು. ಇಂಡೊನೇಷ್ಯಾ ದೇಶದಲ್ಲಿ ೨೦೦೫ರ ಕಾನೂನಿನ ಮೇರೆಗೆ ಅರ್ಹರಾದ ಉಪಾಧ್ಯಾಯರ ಮೂಲವೇತನವನ್ನು ಇಮ್ಮಡಿಗೊಳಿಸಿದರು. ಅದರ ಪರಿಣಾಮವನ್ನು ಪರಿಶೀಲಿಸಿದವರು ಕಂಡದ್ದೇನೆಂದರೆ, ಉಪಾಧ್ಯಾಯರ ಮನಸ್ಸಿಗೆ ನೆಮ್ಮದಿ ಹೆಚ್ಚಿತು. ಮಕ್ಕಳ ಕಲಿಕೆಯಲ್ಲಿಮಾತ್ರ ವ್ಯತ್ಯಾಸ ಕಾಣಲಿಲ್ಲ. ನಮ್ಮಲ್ಲಿಯೂ ಭದ್ರವಾದ ಸ್ಥಾನದಲ್ಲಿ ಕುಳಿತು ಪಾಠವನ್ನು ಮರೆತವರು ಇಲ್ಲದೆ ಇಲ್ಲ. ನೆಲೆಯೆಂಬುದು ಬೇರು, ಬೇರಿದ್ದಮಾತ್ರಕ್ಕೆ ಫಲ ಬರುವುದಿಲ್ಲ, ಬೇರಿಲ್ಲದೆಯಂತೂ ಬರುವುದೇ ಇಲ್ಲ.

ಬೇರಿಗೆ ನೀರೆರೆಯುವವರು ಯಾರು? ಇಲಾಖೆ ದೂರದಲ್ಲಿದೆ, ಹತ್ತಿರದಲ್ಲಿರುವವರು ಮುಖ್ಯೋಪಾಧ್ಯಾಯರು. ವಾರಕ್ಕೊಮ್ಮೆ ತರಗತಿಯ ಹಿಂಬದಿಯ ಬೆಂಚಿನಲ್ಲಿ ಕುಳಿತು ಪಾಠವನ್ನು ಕೇಳಿ, ಅನಂತರ ಒಳ್ಳೆಯದನ್ನೂ ಕೊರತೆಯನ್ನೂ ಮೆಲ್ಲನೆ ಹೇಳುವ ಮುಖ್ಯೋಪಾಧ್ಯಾಯರು, ವರ್ಷದ ಕೊನೆಯಲ್ಲಿ ಬರೆಯುವ ವರದಿಗಿಂತ ಹೆಚ್ಚು ಉಪಕಾರ ಮಾಡುತ್ತಾರೆ. ಪಾಠದ ಹಂಚಿಕೆಯನ್ನು ಮಾಡುವಾಗ ಸಹೋದ್ಯೋಗಿಗಳ ಮಾತಿಗೆ ಕಿವಿಗೊಡುವುದು, ಅತಿಥಿ ಶಿಕ್ಷಕರನ್ನೂ ಸಭೆಗೆ ಕರೆಯುವುದು, ಪಟ್ಟಣದಲ್ಲಿ ತರಬೇತು ಪಡೆದು ಬಂದವರಿಂದ ಉಳಿದವರ ಮುಂದೆ ಒಂದು ಪಾಠ ಮಾಡಿಸುವುದು, ಇವುಗಳಿಗೆ ಸರ್ಕಾರದ ಮಂಜೂರಾತಿ ಬೇಕಿಲ್ಲ. ಆದರೆ ಮುಖ್ಯೋಪಾಧ್ಯಾಯರ ಸ್ಥಾನವೇ ಖಾಲಿಯಿದ್ದು, ಸಹಶಿಕ್ಷಕರೊಬ್ಬರು ತಮ್ಮ ಪಾಠದ ಮೇಲೆ ಪ್ರಭಾರವನ್ನೂ ಹೊತ್ತಿದ್ದರೆ ಇದಾವುದೂ ನಡೆಯದು. ಮೊದಲು ತುಂಬಬೇಕಾದ ಕುರ್ಚಿ ಅದು.

ಕಲ್ಯಾಣದ ಹೆಸರನ್ನು ಎತ್ತಿದವರು 'ಕಾಯಕ' ಎಂಬ ಮಾತನ್ನು ನೆನೆಯದೆ ಇರಲಾರರು. ಉಪಾಧ್ಯಾಯವೃತ್ತಿ ಪವಿತ್ರವಾದ ಕಾಯಕ, ಅಲ್ಲಿ ಸಂಬಳ ಸವಲತ್ತುಗಳ ಮಾತು ಏಕೆ ಎಂದು ಕೆಲವರು ಹೇಳುವುದುಂಟು. ಬಸವಣ್ಣನವರ ಕಲ್ಯಾಣದಲ್ಲಿ ಕಾಯಕವೆಂದರೆ ಕೂಲಿಯಿಲ್ಲದ ದುಡಿಮೆಯಾಗಿರಲಿಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿನ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಹೆಂಡತಿ ಲಕ್ಕಮ್ಮನು ಹೆಚ್ಚಾದುದನ್ನು ಹಿಂದಕ್ಕೆ ಸುರಿದುಬರುವಂತೆ ಹೇಳಿದಳೆಂಬ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಹೆಚ್ಚನ್ನು ಬಯಸಬಾರದೆಂಬುದು ಆ ಕಥೆಯ ಒಂದು ಮುಖ. ಸಲ್ಲತಕ್ಕ ಅಳತೆಯೊಂದು ಇತ್ತು, ಅದು ದಿನವೂ ಸಲ್ಲುತ್ತಿತ್ತು ಎಂಬುದು ಇನ್ನೊಂದು ಮುಖ. ಈ ಎರಡನೆಯದನ್ನು ಮರೆತು ಮೊದಲನೆಯದನ್ನು ಮಾತ್ರ ಬಡ ಅತಿಥಿ ಶಿಕ್ಷಕರಿಗೆ ಬೋಧಿಸುವುದು ಶರಣರ ಮಾತಿಗೆ ಮಾಡುವ ಅಪಚಾರ.

ನಗರಗಳಲ್ಲಿ ಕುಳಿತು ಕೇಳುತ್ತಿರುವ ನಮಗೂ ಇದರಲ್ಲಿ ಪಾಲುಂಟು. ನಮ್ಮ ಬಂಧುವೊಬ್ಬರು ಹಳ್ಳಿಯ ಶಾಲೆಯಲ್ಲಿದ್ದರೆ, ಅವರನ್ನು ಹೇಗಾದರೂ ಪಟ್ಟಣಕ್ಕೆ ಕರೆಸಿಕೊಳ್ಳಬೇಕೆಂದು ನಾವೇ ಆತುರಪಡುತ್ತೇವೆ. ಅದು ಸಾಧಿಸಿದಾಗ ಸಿಹಿ ಹಂಚುತ್ತೇವೆ. ಅವರು ಬಿಟ್ಟುಬಂದ ತರಗತಿಯಲ್ಲಿ ಮರುದಿನ ಯಾರು ಪಾಠ ಹೇಳಿದರೆಂದು ಕೇಳುವುದಿಲ್ಲ. ಮುಂದಿನ ಬೇಸಗೆಯಲ್ಲಿ ಜಿಲ್ಲೆಗಳ ಪಟ್ಟಿ ಅಚ್ಚಾದಾಗ ಅದರ ಪಕ್ಕದಲ್ಲಿ ಇನ್ನೆರಡು ಪಟ್ಟಿಗಳನ್ನೂ ಅಚ್ಚುಮಾಡಿರೆಂದು ಪತ್ರಿಕೆಗಳನ್ನೂ ಇಲಾಖೆಯನ್ನೂ ನಾವು ಕೇಳಬೇಕು. ಯಾವ ಜಿಲ್ಲೆಯಲ್ಲಿ ಎಷ್ಟು ಸ್ಥಾನಗಳು ಖಾಲಿಯಿದ್ದುವು ಎಂಬುದು ಒಂದು. ಹತ್ತನೆಯ ತರಗತಿಯ ಮಕ್ಕಳಲ್ಲಿ ಎಷ್ಟು ಮಂದಿಗೆ ಮೂರು ವರ್ಷವೂ ಒಬ್ಬರೇ ಗಣಿತದ ಉಪಾಧ್ಯಾಯರಿದ್ದರು ಎಂಬುದು ಇನ್ನೊಂದು. ಮೂರು ಪಟ್ಟಿಗಳನ್ನೂ ಒಟ್ಟಿಗೆ ಓದಿದ ಮೇಲೆ, ಬಸವಕಲ್ಯಾಣದ ಉಪಾಧ್ಯಾಯರು ಏನು ಮಾಡುತ್ತಿದ್ದಾರೆಂದು ಕೇಳುವ ಹಕ್ಕು ನಮಗೆ ಪೂರ್ಣವಾಗಿ ಬರುತ್ತದೆ.